ಸೆಟ್ ಟಾಪ್ ಬಾಕ್ಸಿನ ಬಣ್ಣದ ಆಯ್ಕೆ ತೆಗೆದುಹಾಕಿರುವ ಕುರಿತು ಕಲಬುರಗಿಯಿಂದ ದೂರು

ಇವರಿಂದ,
ಟಿವಿ ಅಳವಡಿಕೆ ಮತ್ತು ರಿಪೇರಿ ಕೆಲಸಗಾರರು,
ಸೂಪರ್ ಮಾರ್ಕೆಟ್, ಕಲಬುರಗಿ

ಇವರಿಗೆ,
ಮುಖ್ಯಸ್ಥರು, ಗ್ರಾಹಕರ ದೂರು ವಿಭಾಗ,
ಸೆಟ್ ಟಾಪ್ ಬಾಕ್ಸ್ ಕಂಪನಿ

ವಿಷಯ: ಹೊಸ ಸಾಫ್ಟ್‌ವೇರ್ ಬಂದ ಮೇಲೆ ಎಚ್‌ಡಿಎಂಐ ಬಣ್ಣದ ಆಯ್ಕೆ ಇಲ್ಲವಾಗಿ, ಚಿತ್ರದ ಕಪ್ಪು ಬಿಳುಪು ಕೆಟ್ಟಿರುವ ಬಗ್ಗೆ.

ಮಾನ್ಯರೇ,

ತಮ್ಮ 4ಕೆ ಬಾಕ್ಸಿಗೆ ಇತ್ತೀಚೆಗೆ ಬಂದ ಸಾಫ್ಟ್‌ವೇರ್ ಅಪ್‌ಡೇಟ್ ನಂತರ ಸೆಟ್ಟಿಂಗ್ಸ್‌ನಲ್ಲಿದ್ದ ಬಣ್ಣದ ಔಟ್‌ಪುಟ್ ಮೆನು ಕಾಣೆಯಾಗಿದೆ. ಮೊದಲು ಅಲ್ಲಿ ವೈಸಿಬಿಸಿಆರ್ 4:4:4, ವೈಸಿಬಿಸಿಆರ್ 4:2:2, ಆರ್‌ಜಿಬಿ ಲಿಮಿಟೆಡ್, ಆರ್‌ಜಿಬಿ ಫುಲ್ ಎಂಬ ಆಯ್ಕೆಗಳಿದ್ದವು. ವೈಸಿಬಿಸಿಆರ್ ಎಂದರೆ ಬೆಳಕನ್ನೂ ಬಣ್ಣವನ್ನೂ ಬೇರೆಬೇರೆಯಾಗಿ ಕಳಿಸುವ ರೀತಿ, ಆರ್‌ಜಿಬಿ ಎಂದರೆ ಕೆಂಪು, ಹಸಿರು, ನೀಲಿಯಾಗಿ ಕಳಿಸುವ ರೀತಿ. 4:4:4ರಲ್ಲಿ ಬಣ್ಣದ ವಿವರ ಪೂರ್ತಿ ಇರುತ್ತದೆ, 4:2:2ರಲ್ಲಿ ಕಡಿಮೆ, 4:2:0ರಲ್ಲಿ ಇನ್ನೂ ಕಡಿಮೆ. ಈಗ ಬಾಕ್ಸನ್ನು ಯಾವ ಟಿವಿಗೆ ಹಚ್ಚಿದರೂ ಆರ್‌ಜಿಬಿ ಫುಲ್ ಒಂದೇ ಹೊರಗೆ ಬರುತ್ತಿದೆ. ದೂರು ಕೊಟ್ಟ ಗ್ರಾಹಕರ ಮನೆಗೆ ಹೋದ ತಮ್ಮ ಸರ್ವಿಸ್ ಹುಡುಗರು "ಪ್ಯಾನೆಲ್ ಹೋಗಿದೆ, ಟಿವಿ ಬದಲಿಸಿರಿ" ಎಂದು ಹೇಳಿ ಬರುತ್ತಿದ್ದಾರೆ. ನೆಟ್ಟಗಿರುವ ಟಿವಿಯನ್ನು ಕೆಟ್ಟಿದೆ ಎಂದು ಹೇಳಿ ಜನರಿಗೆ ಖರ್ಚು ಹಚ್ಚುವುದು ಅನ್ಯಾಯ. ಅದಕ್ಕೇ ಈ ಪತ್ರ.

ಪರದೆಯ ಮೇಲೆ ಏನಾಗುತ್ತಿದೆ ಎಂದು ಮೊದಲು ಹೇಳುತ್ತೇವೆ. ಕೃಷಿ ಕಾರ್ಯಕ್ರಮದಲ್ಲಿ ನಮ್ಮ ಕಡೆಯ ಎರೆಹೊಲ ತೋರಿಸಿದರೆ ಬಿರುಕು, ಹೆಂಟೆ, ಕುಂಟೆ ಹೊಡೆದ ಗೆರೆ ಯಾವುದೂ ಕಾಣುವುದಿಲ್ಲ. ಡಾಂಬರು ಬಳಿದಂತೆ ಒಂದೇ ಕಪ್ಪು. ಅದೇ ಹೊಲದಲ್ಲಿ ಬಿಸಿಲಿಗೆ ನಿಂತ ರೈತರ ಬಿಳಿ ಧೋತರದ ನೆರಿಗೆಗಳೂ ಅಳಿಸಿಹೋಗಿರುತ್ತವೆ. ರಾತ್ರಿ ದೃಶ್ಯಗಳಲ್ಲಂತೂ ತಲೆಗೂದಲು ಎಲ್ಲಿ ಮುಗಿದು ಹಿಂದಿನ ಗೋಡೆ ಎಲ್ಲಿ ಶುರುವಾಯಿತು ಎಂಬುದೇ ಗೊತ್ತಾಗದು.

ಇದಕ್ಕೆ ಕಾರಣ ಲೆಕ್ಕದಲ್ಲೇ ಇದೆ. 8 ಬಿಟ್ ವಿಡಿಯೊದಲ್ಲಿ, ಅಂದರೆ ಬೆಳಕನ್ನು 0ಯಿಂದ 255ರವರೆಗಿನ ಸಂಖ್ಯೆಗಳಲ್ಲಿ ಬರೆಯುವ ವಿಡಿಯೊದಲ್ಲಿ, ಕಪ್ಪು 16ಕ್ಕೆ, ಬಿಳುಪು 235ಕ್ಕೆ ಇರುತ್ತದೆ. ಇದೇ ಲಿಮಿಟೆಡ್. ಆರ್‌ಜಿಬಿ ಫುಲ್‌ನಲ್ಲಿ ಅದನ್ನೇ 0ಯಿಂದ 255ಕ್ಕೆ ಹಿಗ್ಗಿಸಲಾಗುತ್ತದೆ. ಟಿವಿಗೆ ಇದು ಗೊತ್ತಿದ್ದರೆ ತೊಂದರೆಯಿಲ್ಲ. ಗೊತ್ತಿಲ್ಲದಿದ್ದರೆ, ಬಂದದ್ದು ಲಿಮಿಟೆಡ್ ಎಂದುಕೊಂಡು 16ರ ಕೆಳಗಿನದನ್ನು ಕಪ್ಪಿಗೂ 235ರ ಮೇಲಿನದನ್ನು ಬಿಳುಪಿಗೂ ಸೇರಿಸಿಬಿಡುತ್ತದೆ. ಆಗ ಮೂಲ ವಿಡಿಯೊದ 17ರಿಂದ 29ರವರೆಗಿನ ಎಲ್ಲ ನೆರಳು ಹೋಗುತ್ತದೆ, 218ರಿಂದ ಮೇಲಿನದೆಲ್ಲ ಒಂದೇ ಬಿಳುಪಾಗುತ್ತದೆ. ಸಂಖ್ಯೆ ಬರೆದ ಪಟ್ಟಿಗಳಿರುವ ಪರೀಕ್ಷಾ ಚಿತ್ರವನ್ನು ಪೆನ್‌ಡ್ರೈವ್‌ನಲ್ಲಿ ಹಾಕಿ, ಟಿವಿಯ ಯುಎಸ್‌ಬಿಯಿಂದ ಒಮ್ಮೆ, ಅದೇ ಟಿವಿಗೆ ಹಚ್ಚಿದ ತಮ್ಮ ಬಾಕ್ಸಿನ ಯುಎಸ್‌ಬಿಯಿಂದ ಒಮ್ಮೆ ಓಡಿಸಿ ನೋಡಿರಿ. ಟಿವಿಯಿಂದ ನೇರವಾಗಿ ಓಡಿಸಿದಾಗ 18ರ ಪಟ್ಟಿಯೂ ಮಸುಕಾಗಿ ಕಾಣುತ್ತದೆ. ಬಾಕ್ಸಿನಿಂದ ಬಂದಾಗ 30ರ ಆಸುಪಾಸಿನವರೆಗೆ ಏನೂ ಇರುವುದಿಲ್ಲ. ಪ್ಯಾನೆಲ್ ಕೆಟ್ಟಿದ್ದರೆ ಎರಡೂ ಸಲ ಕೆಡಬೇಕಿತ್ತಲ್ಲವೇ?

ಟಿವಿಯ ರೇಂಜ್ (ಲಿಮಿಟೆಡ್ ಅಥವಾ ಫುಲ್ ಎಂಬ ಆಯ್ಕೆ) ಆಟೊದಲ್ಲಿದ್ದರೂ ಇದೇ ಕಥೆ. ಅದೇ ಪೋರ್ಟಿಗೆ ಕಂಪ್ಯೂಟರ್ ಹಚ್ಚಿ ಫುಲ್ ಕಳಿಸಿದರೆ ಚಿತ್ರ ಸರಿಯಾಗಿ ಬರುತ್ತದೆ. ಅಂದರೆ ತಮ್ಮ ಬಾಕ್ಸ್ ಫುಲ್ ಕಳಿಸುತ್ತಿದೆ, ಆದರೆ ಜೊತೆಗೆ ಹೋಗುವ ಎವಿಐ ಇನ್‌ಫೋಫ್ರೇಮ್‌ನಲ್ಲಿ (ಚಿತ್ರ ಯಾವ ರೂಪದ್ದೆಂದು ಟಿವಿಗೆ ತಿಳಿಸುವ ಮಾಹಿತಿಯಲ್ಲಿ) ಅದನ್ನು ಹೇಳುತ್ತಿಲ್ಲ. ಏನೂ ಹೇಳದಿದ್ದರೆ 1080, 2160ರಂಥ ಟಿವಿ ರೆಸಲ್ಯೂಶನ್‌ಗಳಲ್ಲಿ ಲಿಮಿಟೆಡ್ ಎಂದೇ ತಿಳಿಯಬೇಕು ಎಂಬುದು ನಿಯಮ. ಅಷ್ಟೇ ಅಲ್ಲ, ರೇಂಜ್ ಬದಲಾವಣೆ ತನಗೆ ಅರ್ಥವಾಗುತ್ತದೆ ಎಂದು ಟಿವಿ ತನ್ನ ಇಡಿಐಡಿಯಲ್ಲಿ (ತನ್ನ ಸಾಮರ್ಥ್ಯ ಹೇಳಲು ಟಿವಿ ಬಾಕ್ಸಿಗೆ ಕೊಡುವ ಪಟ್ಟಿಯಲ್ಲಿ) ತಿಳಿಸದಿದ್ದರೆ ಈ ರೆಸಲ್ಯೂಶನ್‌ಗಳಲ್ಲಿ ಫುಲ್ ಕಳಿಸುವಂತೆಯೇ ಇಲ್ಲ. ತಮ್ಮ ಸಾಫ್ಟ್‌ವೇರ್ ಅದನ್ನು ನೋಡುತ್ತಿರುವಂತೆ ಕಾಣುವುದಿಲ್ಲ.

ಬ್ರೈಟ್‌ನೆಸ್ ಏರಿಸಿ ಎಂದು ತಮ್ಮ ಹೆಲ್ಪ್‌ಲೈನಿನವರು ಹೇಳುತ್ತಾರೆ. ಅದರಿಂದ ಬಹುತೇಕ ಟಿವಿಗಳಲ್ಲಿ ಕಪ್ಪು ಬೂದಿ ಬಣ್ಣಕ್ಕೆ ತಿರುಗುತ್ತದೆಯೇ ಹೊರತು ಹೋದ ವಿವರ ಮರಳುವುದಿಲ್ಲ. ಸದ್ಯಕ್ಕೆ ನಾವು ಗ್ರಾಹಕರಿಗೆ ಮಾಡಿಕೊಡುತ್ತಿರುವುದು ಇಷ್ಟು: ಬಾಕ್ಸ್ ಹಚ್ಚಿದ ಪೋರ್ಟಿನಲ್ಲಿ ಸ್ಯಾಮ್‌ಸಂಗ್ ಟಿವಿಯಾದರೆ ಎಚ್‌ಡಿಎಂಐ ಬ್ಲ್ಯಾಕ್ ಲೆವೆಲ್ ಅನ್ನು ನಾರ್ಮಲ್‌ಗೆ, ಎಲ್‌ಜಿಯಾದರೆ ಬ್ಲ್ಯಾಕ್ ಲೆವೆಲ್ ಅನ್ನು ಹೈಗೆ, ಸೋನಿಯಾದರೆ ವಿಡಿಯೊ ರೇಂಜ್ ಅನ್ನು ಫುಲ್‌ಗೆ ಇಡುವುದು. ಆದರೆ 32 ಇಂಚಿನ ಅಗ್ಗದ ಟಿವಿ ಇರುವ ಮನೆಗಳೇ ಇಲ್ಲಿ ಹೆಚ್ಚು. ಅಂಥ ಎಷ್ಟೋ ಟಿವಿಗಳಲ್ಲಿ ಈ ಆಯ್ಕೆಯೇ ಇರುವುದಿಲ್ಲ. ಅವರು ಏನು ಮಾಡಬೇಕು?

ಸರಿಪಡಿಸುವಾಗ ಆರ್‌ಜಿಬಿ ಲಿಮಿಟೆಡ್ ಒಂದನ್ನೇ ಕೊಟ್ಟು ಕೈತೊಳೆದುಕೊಳ್ಳಬೇಡಿ. ಚಾನೆಲ್ಲಿನ ವಿಡಿಯೊ ಬರುವುದೇ 4:2:0 ವೈಸಿಬಿಸಿಆರ್ ರೂಪದಲ್ಲಿ. ಅದನ್ನು ಬಾಕ್ಸ್ 8 ಬಿಟ್ ಆರ್‌ಜಿಬಿ ಮಾಡಿ, ಟಿವಿ ತನ್ನ ಕೆಲಸಕ್ಕೆ ಮತ್ತೆ ವೈಸಿಬಿಸಿಆರ್ ಮಾಡಿಕೊಂಡರೆ ಪ್ರತಿ ಸಲವೂ ದಶಮಾಂಶ ಕತ್ತರಿಸಿ, ಸಂಜೆಯ ಆಕಾಶದಂಥ ಕಡೆ ಪಟ್ಟೆಪಟ್ಟೆ ಮೂಡುತ್ತದೆ. ಟಿವಿ ನೋಡುವವರಿಗೆ 4:2:2 ಅಥವಾ 4:4:4 ವೈಸಿಬಿಸಿಆರ್ ಒಳ್ಳೆಯದು. ಆರ್‌ಜಿಬಿ ಫುಲ್ ಕಂಪ್ಯೂಟರಿನ ಸಣ್ಣ ಅಕ್ಷರಗಳಿಗೆ ಸರಿ, ಸೆಟ್ ಟಾಪ್ ಬಾಕ್ಸಿಗೆ ಅದರ ಹಂಗೇ ಇಲ್ಲ.

4ಕೆ ವಿಷಯದಲ್ಲಿ ನಷ್ಟ ಇನ್ನೂ ದೊಡ್ಡದು. 50 ಹರ್ಟ್ಸ್‌ನ 4ಕೆಗೆ 8 ಬಿಟ್ ಆರ್‌ಜಿಬಿ ಕಳಿಸಿದರೆ ಸೆಕೆಂಡಿಗೆ 17.82 ಗಿಗಾಬಿಟ್ ಆಗುತ್ತದೆ, ಎಚ್‌ಡಿಎಂಐ 2.0ರ ಮಿತಿಯೇ 18. ಎಚ್‌ಡಿಆರ್‌ಗೆ (ಹೊಳಪು ಮತ್ತು ನೆರಳಿನ ಅಂತರ ಹೆಚ್ಚಿರುವ ಚಿತ್ರಕ್ಕೆ) ಬೇಕಾದ 10 ಬಿಟ್ ಅದರಲ್ಲಿ ಆರ್‌ಜಿಬಿಯಾಗಿ ಹಿಡಿಸುವುದಿಲ್ಲ. 4:2:2 ಆದರೆ 12 ಬಿಟ್‌ವರೆಗೂ ಅಷ್ಟರಲ್ಲೇ ಹೋಗುತ್ತದೆ, 4:2:0 ಆದರೆ 10 ಬಿಟ್‌ಗೆ 11.14 ಸಾಕು. ಗೋಡೆಯೊಳಗೆ ಹಳೆಯ ಉದ್ದನೆಯ ಕೇಬಲ್ ಹಾಕಿಸಿಕೊಂಡವರ ಮನೆಯಲ್ಲಿ 18ರ ಹತ್ತಿರದ ಈ ವೇಗಕ್ಕೆ ಚುಕ್ಕೆ ಬೀಳುತ್ತದೆ, ಪರದೆ ಆಗಾಗ ಕಪ್ಪಾಗುತ್ತದೆ. ಅಂಥವರಿಗೆ 4:2:0 ಆಯ್ಕೆಯೂ ಮೆನುವಿನಲ್ಲಿ ಬೇಕು.

ಆದ್ದರಿಂದ ಬಣ್ಣದ ಔಟ್‌ಪುಟ್ ಮೆನುವನ್ನು 4:2:0 ಸೇರಿಸಿ ಮರಳಿ ಕೊಡಬೇಕು. ಮೊದಲ ಸಲ ಬಾಕ್ಸ್ ಹಚ್ಚಿದಾಗ ವೈಸಿಬಿಸಿಆರ್ ಬರುವಂತೆ ಮಾಡಬೇಕು. ಫುಲ್ ಕಳಿಸುವಾಗ ಇನ್‌ಫೋಫ್ರೇಮ್‌ನಲ್ಲಿ ಸರಿಯಾಗಿ ನಮೂದಿಸಬೇಕು. ಮೇಲೆ ಹೇಳಿದ ಪೆನ್‌ಡ್ರೈವ್ ಪರೀಕ್ಷೆ ಮಾಡದೆ ಯಾರಿಗೂ ಟಿವಿ ಬದಲಿಸಲು ಹೇಳಬಾರದೆಂದು ಕಲಬುರಗಿಯ ತಮ್ಮ ಸರ್ವಿಸ್ ಸಿಬ್ಬಂದಿಗೆ ಲಿಖಿತವಾಗಿ ತಿಳಿಸಬೇಕು. ಪರೀಕ್ಷಾ ಚಿತ್ರದ ಫೈಲ್ ಮತ್ತು ಎರಡೂ ರೀತಿ ಓಡಿಸಿದಾಗ ತೆಗೆದ ಫೋಟೊಗಳನ್ನು ಈ ಪತ್ರದ ಜೊತೆ ಇಟ್ಟಿದ್ದೇವೆ. 15 ದಿನದೊಳಗೆ ಉತ್ತರ ಬಾರದಿದ್ದರೆ, ಗ್ರಾಹಕ ಸಂರಕ್ಷಣಾ ಕಾಯ್ದೆ 2019ರಡಿ ಸೇವಾ ನ್ಯೂನತೆಯೆಂದು ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಲು ಗ್ರಾಹಕರಿಗೆ ಇದೇ ದಾಖಲೆಗಳನ್ನು ಕೊಡುತ್ತೇವೆ.

ಇಂತಿ,
ಟಿವಿ ಅಳವಡಿಕೆ ಮತ್ತು ರಿಪೇರಿ ಕೆಲಸಗಾರರು, ಕಲಬುರಗಿ