ಉಬ್ಬಸಕ್ಕೆ ಮಳೆಯನ್ನೇ ದೂರಬೇಡಿ

ಸಂಪಾದಕರೇ,

ನಮ್ಮ ಅತ್ತಿಗೆ ಮಡಿಕೇರಿ ಹತ್ತಿರದ ಒಂದು ಹೋಂಸ್ಟೇಯಲ್ಲಿ ರೂಮು, ಬಾತ್‌ರೂಮು ತೊಳೆಯುವ ಕೆಲಸಕ್ಕಿದ್ದರು. ಎರಡು ವರ್ಷದಿಂದ ಕೆಮ್ಮು, ರಾತ್ರಿಯಾದರೆ ಉಬ್ಬಸ. ಕೊಡಗಿನ ಮಳೆ, ಮಂಜು, ಥಂಡಿ ಅಲ್ವಾ ಅಂತ ಎಲ್ಲರೂ ಹೇಳಿದರು, ನಾವೂ ನಂಬಿದೆವು. ಕಳೆದ ಜುಲೈಯಲ್ಲಿ ಕಾಲು ಉಳುಕಿ ಮೂರು ವಾರ ಮನೆಯಲ್ಲೇ ಇದ್ದರು. ಹೊರಗೆ ಅದೇ ಜಡಿಮಳೆ, ಗೋಡೆಯೆಲ್ಲ ತೇವ, ಆದರೂ ಕೆಮ್ಮು ನಿಂತೇ ಹೋಯಿತು. ಕೆಲಸಕ್ಕೆ ಹೋದ ಎರಡನೇ ದಿನ ಮತ್ತೆ ಶುರು.

ಮಳೆಗಾಲದಲ್ಲಿ ಟೈಲ್ಸ್ ಸಂದಿಗೆಲ್ಲ ಬೂಷ್ಟು ಹಿಡಿಯುತ್ತದೆ. ಒಬ್ಬ ಗೆಸ್ಟ್ ಹೊರಟು ಇನ್ನೊಬ್ಬರು ಬರುವಷ್ಟರಲ್ಲಿ ಎಲ್ಲ ಹೊಳೆಯಬೇಕು ಅಂತ ಬ್ಲೀಚಿಂಗ್ ಪೌಡರ್ ಹಾಕಿ, ಅದು ಸಾಲದು ಅಂತ ಮೇಲಿಂದ ಟಾಯ್ಲೆಟ್ ಆಸಿಡ್ ಸುರಿದು, ಇರಚಲು ಬರುತ್ತದೆ ಅಂತ ಕಿಟಕಿ ಮುಚ್ಚಿಕೊಂಡು ಉಜ್ಜುತ್ತಿದ್ದರು. ಇವೆರಡು ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಮುಖಕ್ಕೆ ಕಟ್ಟುವ ಬಟ್ಟೆ ಅದನ್ನು ತಡೆಯುವುದಿಲ್ಲ. ಒಂದೇ ಸಲ ಜಾಸ್ತಿ ಒಳಗೆ ಹೋದರೂ ಆಸ್ತಮಾ ಬರಬಹುದು, ದಿನಾ ಸ್ವಲ್ಪ ಸ್ವಲ್ಪ ಹೋದರೂ ಬರಬಹುದು. ಸ್ಪ್ರೇ ಬಾಟಲಿಯಿಂದಲೂ ತೊಂದರೆ, ಸಣ್ಣ ಹನಿ ಗಾಳಿಯಲ್ಲಿ ತೇಲಿ ಉಸಿರಿನ ಜೊತೆ ಒಳಗೆ ಹೋಗುತ್ತದೆ. ಬಟ್ಟೆಗೆ ಹಾಕಿಕೊಂಡು ಒರೆಸುವುದು ಒಳ್ಳೆಯದು.

ಡಾಕ್ಟರುಗಳಲ್ಲಿ ಒಂದು ಕೇಳಿಕೆ. ಕೆಮ್ಮು ಅಂತ ಬಂದವರನ್ನು 'ಏನು ಕೆಲಸ ಮಾಡ್ತೀರಿ, ರಜೆ ದಿನ ಕಮ್ಮಿ ಆಗುತ್ತಾ' ಅಂತ ಕೇಳಿ. ಸುಮ್ನೆ ಸಿರಪ್ ಬರೆದು ಕಳಿಸಬೇಡಿ. ಕೊನೆಗೆ ಒಬ್ಬ ಡಾಕ್ಟರ್ ಹಾಗೆ ಕೇಳಿ, ಊದಿದಾಗ ಉಸಿರು ಎಷ್ಟು ಜೋರಾಗಿ ಹೊರಬರುತ್ತದೆ ಅಂತ ತೋರಿಸುವ ಪೀಕ್ ಫ್ಲೋ ಮೀಟರ್ ಕೊಟ್ಟು, ಕೆಲಸದ ದಿನವೂ ರಜೆ ದಿನವೂ ಊದಿ ಅಂಕಿ ಬರೆದಿಡಲು ಹೇಳಿದ ಮೇಲೇ ಇದು ಕೆಲಸದಿಂದ ಬಂದ ಆಸ್ತಮಾ ಅಂತ ಗೊತ್ತಾಗಿದ್ದು. ಬೇಗ ಗೊತ್ತಾಗಿ ಆ ಕೆಲಸದಿಂದ ದೂರವಾದರೆ ವಾಸಿಯಾಗುವ ಸಾಧ್ಯತೆ ಜಾಸ್ತಿ. ತಡವಾದರೆ ಕೆಲಸ ಬಿಟ್ಟರೂ ಉಬ್ಬಸ ಬಿಡದೇ ಇರಬಹುದು.

ಕಾರ್ಮಿಕರ ಸರ್ಕಾರಿ ವಿಮೆಯಾದ ಇಎಸ್‌ಐನ ಕಾಯಿಲೆಗಳ ಪಟ್ಟಿಯಲ್ಲಿ ಕೆಲಸದಿಂದ ಬರುವ ಆಸ್ತಮಾ ಸೇರಿದೆ. ಆದರೆ ಆ ವಿಮೆ ಸಾಮಾನ್ಯವಾಗಿ 10 ಅಥವಾ ಹೆಚ್ಚು ಜನ ದುಡಿಯುವ ಜಾಗಕ್ಕೆ. ಇಬ್ಬರು ಮೂವರೇ ಇರುವ ಹೋಂಸ್ಟೇಯಲ್ಲಿ ದುಡಿಯುವ ಹೆಂಗಸರು ಯಾರನ್ನು ಕೇಳಬೇಕು? ಪ್ರವಾಸೋದ್ಯಮ ಇಲಾಖೆ ನೋಂದಣಿ ಕೊಡುವಾಗ ಬಾತ್‌ರೂಮಿನ ಗಾಳಿ ಹೊರಗೆ ಹೋಗಲು ಫ್ಯಾನ್ ಇದೆಯಾ, ತೊಳೆಯಲು ಏನು ಕೊಡುತ್ತಾರೆ ಅಂತಲೂ ನೋಡಲಿ.

ಅತ್ತಿಗೆ ಈಗ ಅಲ್ಲೇ ಅಡುಗೆಮನೆಗೆ ಬದಲಾಗಿದ್ದಾರೆ, ಉಸಿರು ಎಷ್ಟೋ ಹಗುರವಾಗಿದೆ. ಅವರ ಜಾಗಕ್ಕೆ ಬಂದ ಹುಡುಗಿಗೂ ಅದೇ ಬ್ಲೀಚಿಂಗ್, ಅದೇ ಆಸಿಡ್ ಕೊಟ್ಟಿದ್ದಾರೆ. ಮಾಲೀಕರೇ, ದಯವಿಟ್ಟು ಎರಡನ್ನೂ ಒಟ್ಟಿಗೆ ಕೊಡಬೇಡಿ. ಒಂದು ರೂಮಿಗೆ ಅರ್ಧ ಗಂಟೆ ಜಾಸ್ತಿ ಕೊಡಿ.

– ಒಬ್ಬ ಓದುಗ, ಮಡಿಕೇರಿ