ಕುದಿಸಿದ ಮಾತ್ರಕ್ಕೆ ನೀರು ಮೆದುವಾಗದು

ಮಾನ್ಯ ಸಂಪಾದಕರೇ,

‘ಕುದಿಸಿದರೆ ನೀರಿನ ಗಡಸುತನ ಹೋಗುತ್ತದೆ.’ ಪರೀಕ್ಷೆ ಬಂತೆಂದರೆ ಕೈಯಿಂದ ಕೈಗೆ ಓಡಾಡುವ ನೋಟ್ಸ್‌ಗಳಲ್ಲಿ ಈ ವಾಕ್ಯ ತಪ್ಪದೆ ಇರುತ್ತದೆ. ಗಡಸುತನ ಎಂದರೆ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳ ಗುಣ; ಯಾವ ಗಡಸುತನ ಎಂದು ಹೇಳದಿದ್ದರೆ ಅದು ಅರ್ಧ ಉತ್ತರ.

ಕಲಬುರಗಿ ಮಕ್ಕಳಿಗೆ ಇದನ್ನು ಕಲಿಸಲು ಮನೆಯ ನೆಲವೇ ಸಾಕು. ನೆಲಕ್ಕೆ ಹಾಸುವ ಶಹಾಬಾದ್ ಕಲ್ಲು ಸುಣ್ಣದ ಕಲ್ಲು, ಅಂದರೆ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಮಳೆನೀರು ಗಾಳಿ, ಮಣ್ಣಿನಿಂದ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು ಇಂಗುವಾಗ ಈ ಕಲ್ಲು ಬೈಕಾರ್ಬೊನೇಟ್ ಆಗಿ ಕರಗುತ್ತದೆ. ಹಂಡೆಯಲ್ಲಿ ಕುದಿದಾಗ ಅದೇ ಕ್ರಿಯೆ ಹಿಂದಕ್ಕೆ ತಿರುಗುತ್ತದೆ: ಅನಿಲ ಹಾರಿ, ಕಲ್ಲು ಬಿಳಿ ಪೊರೆಯಾಗಿ ತಳ ಹಿಡಿಯುತ್ತದೆ. ಇದು ತಾತ್ಕಾಲಿಕ ಗಡಸುತನ. ಸಲ್ಫೇಟ್, ಕ್ಲೋರೈಡ್‌ಗಳಿಂದ ಬಂದದ್ದು ಕುದಿತಕ್ಕೆ ಜಗ್ಗದು; ಅದಕ್ಕೆ ವಾಷಿಂಗ್ ಸೋಡಾ (ಸೋಡಿಯಂ ಕಾರ್ಬೊನೇಟ್) ಬೇಕು. ಇಂಥ ಗಡಸು ನೀರಿನಲ್ಲಿ ತೊಗರಿ ಬೇಳೆ ಬೇಗ ಬೇಯದಿರುವುದಕ್ಕೂ ಕ್ಯಾಲ್ಸಿಯಂ ಕಾರಣ. ಅದು ಬೇಳೆಯ ಕೋಶಗಳನ್ನು ಅಂಟಿಸಿಡುವ ಪೆಕ್ಟಿನ್ನನ್ನು ಬಿಗಿಯುತ್ತದೆ.

ಡಿಪ್ಲೊಮಾದವರು ಎಡವುವುದು ಲೆಕ್ಕದಲ್ಲಿ. ಒಂದು ಲೀಟರ್‌ನಲ್ಲಿ 162 ಮಿ.ಗ್ರಾಂ. ಕ್ಯಾಲ್ಸಿಯಂ ಬೈಕಾರ್ಬೊನೇಟ್, 136 ಮಿ.ಗ್ರಾಂ. ಕ್ಯಾಲ್ಸಿಯಂ ಸಲ್ಫೇಟ್ ಇದ್ದರೆ ಗಡಸುತನ 298 ಅಲ್ಲ. ಎರಡೂ ಒಂದೊಂದು ಮಿಲಿಮೋಲ್, ಅಂದರೆ ತೂಕ ಬೇರೆಯಾದರೂ ಕಣಗಳ ಎಣಿಕೆ ಸಮ. ಗಡಸುತನವನ್ನು ಅಳೆಯುವ ರೂಢಿಯಂತೆ ಅಷ್ಟೇ ಎಣಿಕೆಯ ಕ್ಯಾಲ್ಸಿಯಂ ಕಾರ್ಬೊನೇಟ್‌ಗೆ ಸಮೀಕರಿಸಿದರೆ ತಲಾ 100 ಮಿ.ಗ್ರಾಂ., ಒಟ್ಟು 200. ಕುದಿಸಿದರೆ ಹೋಗುವುದು ಮೊದಲ 100 ಮಾತ್ರ. ಉಳಿದದ್ದಕ್ಕೆ 106 ಮಿ.ಗ್ರಾಂ. ನಿರ್ಜಲ ಸೋಡಿಯಂ ಕಾರ್ಬೊನೇಟ್ ಸಾಕು. ಹರಳು ಸೋಡಾ ಆದರೆ 286, ಅದರಲ್ಲಿ ಹತ್ತು ನೀರಿನ ಅಣುಗಳಿವೆಯಲ್ಲ!

ಶುದ್ಧೀಕರಣದ ಕ್ರಮವನ್ನೂ ಹಿಂದುಮುಂದು ಬರೆಯುತ್ತಾರೆ. ಮಳೆಗಾಲದ ಭೀಮಾ ನದಿಯ ರಾಡಿ ನೀರಿಗೆ ಮೊದಲು ಪಟಿಕ. ಜೇಡಿಯ ಕಣಗಳಿಗೆ ಋಣ ಆವೇಶ. ಅಲ್ಯೂಮಿನಿಯಂ ಅಯಾನು ಅದನ್ನು ತಣಿಸಿದಾಗ ಕಣಗಳು ಗುಂಪಾಗಿ ಕೂರುತ್ತವೆ. ಆಮೇಲೆ ಸೋಸಿ, ಕೊನೆಗೆ ಬ್ಲೀಚಿಂಗ್ ಪುಡಿ: ಸಾವಿರ ಲೀಟರ್‌ಗೆ ಸುಮಾರು 2.5 ಗ್ರಾಂ., ಅರ್ಧ ಗಂಟೆ ಬಿಡಬೇಕು. ರಾಡಿ ಇರುವಾಗಲೇ ಹಾಕಿದರೆ ಕ್ಲೋರಿನ್ ಆ ಕೊಳೆಗೇ ಖರ್ಚಾಗಿ ರೋಗಾಣುಗಳು ಉಳಿಯುತ್ತವೆ. ಡಬ್ಬಿ ತೆರೆದಿಟ್ಟ ಪುಡಿಯಲ್ಲಿ ಕ್ಲೋರಿನ್ ಹಾರಿಹೋಗಿ ಈ ಅಳತೆ ಸಾಲದು.

ಫ್ಲೋರೈಡ್ ಮಾತು ಬೇರೆ. ಕಲಬುರಗಿ, ಯಾದಗಿರಿಯ ಕೆಲವೆಡೆ ಕೊಳವೆಬಾವಿಗಳಲ್ಲಿ ಅದು ಹೆಚ್ಚು. ಕುಡಿಯುವ ನೀರಿನ ಮಿತಿ ಲೀಟರ್‌ಗೆ 1 ಮಿ.ಗ್ರಾಂ., ಬೇರೆ ಮೂಲವಿಲ್ಲದಿದ್ದರೆ 1.5. ಕುದಿಸಿದರೆ ನೀರು ಆವಿಯಾಗಿ ಫ್ಲೋರೈಡ್ ಇನ್ನಷ್ಟು ದಟ್ಟವಾಗುತ್ತದೆ. ಇದಕ್ಕೆ ಪಟಿಕ, ಸುಣ್ಣ ಬೆರೆಸಿ ಫ್ಲೋರೈಡ್ ತೆಗೆಯುವ ನಲ್ಗೊಂಡ ವಿಧಾನವೆಂದು ಬರೆಯುವವರು ಪಟಿಕವನ್ನಷ್ಟೇ ಹೇಳಿ ಸುಣ್ಣ ಮರೆಯುತ್ತಾರೆ. ಪಟಿಕ ನೀರನ್ನು ಆಮ್ಲೀಯವಾಗಿಸುತ್ತದೆ. ಸುಣ್ಣ ಅದನ್ನು ಸರಿದೂಗಿಸದಿದ್ದರೆ ಫ್ಲೋರೈಡ್ ಹಿಡಿಯುವ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಸರಿಯಾಗಿ ಗರಣೆ ಕಟ್ಟದು.

– ರಸಾಯನಶಾಸ್ತ್ರ ಉಪನ್ಯಾಸಕರು, ಕಲಬುರಗಿ