ಕಂತು ಕಟ್ಟಿದ ಮೇಲೆ ಕೈಯಲ್ಲಿ ಉಳಿಯುವುದೆಷ್ಟು?

ಉಡುಪಿ
ಮೇ ತಿಂಗಳು, ಗುರುವಾರ ರಾತ್ರಿ

ಪ್ರೀತಿಯ ಮಗಾ,

ಮೊನ್ನೆ ಭಾನುವಾರ ಊಟಕ್ಕೆ ಕೂತಾಗ ನೀನು ‘ಓದಿನ ಸಾಲ ನಾನೇ ತೀರಿಸ್ತೇನೆ ಅಪ್ಪ, ನೀವು ಸಹಿ ಹಾಕಿದ್ರೆ ಸಾಕು’ ಅಂದೆ. ನಾನು ಏನೂ ಹೇಳದೆ ಎದ್ದು ಕೈ ತೊಳೆದೆ. ನಿನಗೆ ತುಂಬಾ ಬೇಸರ ಆಗಿದೆ ಅಂತ ಚಿಕ್ಕಮ್ಮ ಫೋನಿನಲ್ಲಿ ಹೇಳಿದಳು. ಪತ್ರಿಕೋದ್ಯಮ ಓದುವುದು ಅಪ್ಪನಿಗೆ ಇಷ್ಟ ಇಲ್ಲ ಅಂತ ನೀನು ತಿಳಿದಿರಬೇಕು. ಹಾಗೇನಿಲ್ಲ. ಲೆಕ್ಕ ಹಾಕದೆ ಹೂಂ ಅನ್ನುವುದಕ್ಕೆ ನನಗೆ ಬಾಯಿ ಬರಲಿಲ್ಲ. ನಾಲ್ಕು ರಾತ್ರಿ ಕೂತು ಲೆಕ್ಕ ಹಾಕಿದ್ದೇನೆ. ಫೋನಿನಲ್ಲಿ ಹೇಳಹೋದರೆ ಅರ್ಧ ಮಾತಿಗೇ ಇಬ್ಬರಿಗೂ ಸಿಟ್ಟು ಬರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನೀನು ಈ ಕೆಲಸಕ್ಕೆ ತಕ್ಕವಳು. ಅದು ನನಗೆ ಗೊತ್ತು. ಕಳೆದ ವರ್ಷ ಕಾಲೇಜಿನ ಪ್ರಾಜೆಕ್ಟಿಗೆ ಅಂತ ನನ್ನ ಸ್ಕೂಟರಿನಲ್ಲಿ ಮಲ್ಪೆಯ ಮೀನಿನ ಬಂದರಿಗೆ ಬಂದಿದ್ದೆಯಲ್ಲ? ಬೆಳಿಗ್ಗೆ ಆರೂವರೆ. ಬಂಗುಡೆ ಬುಟ್ಟಿ ಮುಂದಿಟ್ಟುಕೊಂಡು ಕೂತಿದ್ದ ಆ ಹೆಂಗಸು ಮೊದಲು ನಿನ್ನ ಮುಖ ಕೂಡ ನೋಡಲಿಲ್ಲ. ನೀನು ಫೋನನ್ನು ಚೀಲಕ್ಕೆ ಹಾಕಿ ಅವಳ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತೆ. ಮೀನಿನ ಮೇಲೆ ಐಸ್ ಪುಡಿ ಎಳೆದು ಕೊಟ್ಟೆ. ನಾನು ನಾಲ್ಕು ಅಂಗಡಿಯ ಪಿಗ್ಮಿ, ಅಂದರೆ ದಿನದಿನದ ಉಳಿತಾಯದ ಹಣ, ಎತ್ತಿ ಮುಗಿಸಿ ಬರುವಾಗ ಅವಳು ಗಂಡ ತೀರಿಕೊಂಡ ವರ್ಷ ಮೊದಲ ಸಲ ಬುಟ್ಟಿ ಹೊತ್ತ ಕತೆ ಹೇಳುತ್ತಿದ್ದಳು. ನಿನ್ನ ಫೋನು ಅವಳ ಮೊಣಕಾಲಿನ ಮೇಲಿತ್ತು. ಹದಿನೆಂಟು ವರ್ಷದಿಂದ ದಿನಾ ಅವಳ ಕೈಯಿಂದ ಹಣ ತೆಗೆದುಕೊಳ್ಳುತ್ತಿದ್ದೇನೆ. ಆ ಕತೆ ನನಗೆ ಗೊತ್ತಿರಲಿಲ್ಲ.

ಆದ್ದರಿಂದ ಓದಬೇಕೋ ಬೇಡವೋ ಎಂಬ ಮಾತೇ ಇಲ್ಲ. ಎಲ್ಲಿ ಓದುವುದು, ಎಷ್ಟು ಸಾಲ ಮಾಡುವುದು, ಅಷ್ಟೇ ಮಾತು.

ಬೆಂಗಳೂರಿನ ಆ ಕಾಲೇಜಿಗೆ ಫೀಸು, ಹಾಸ್ಟೆಲ್ ಸೇರಿ ವರ್ಷಕ್ಕೆ ಎರಡೂವರೆ ಲಕ್ಷ ಸಾಲ ಬೇಕು ಅಂದೆ. ಮೂರು ವರ್ಷಕ್ಕೆ ಏಳೂವರೆ ಲಕ್ಷ. ಅಷ್ಟರವರೆಗೆ ಬ್ಯಾಂಕಿನವರು ಜಾಗೆ, ಬಂಗಾರ ಅಡವು ಕೇಳುವುದಿಲ್ಲ. ಹಾಗಾಗಿ ಸಾಲ ಸುಲಭದಲ್ಲಿ ಸಿಗುತ್ತದೆ ಅಂತ ಕಾಣುತ್ತದೆ. ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟುವುದು ಬೇಡ, ಅದೂ ಸರಿ. ಆದರೆ ಬಡ್ಡಿ ಮೊದಲ ದಿನದಿಂದಲೇ ಓಡುತ್ತದೆ ಮಗಾ. ನೂರಕ್ಕೆ ಹತ್ತು ಅಂತ ಹಿಡಿ. ಮೊದಲ ವರ್ಷದ ಎರಡೂವರೆ ಲಕ್ಷಕ್ಕೆ ನಾಲ್ಕು ವರ್ಷದ ಬಡ್ಡಿ 1 ಲಕ್ಷ. ಎರಡನೆಯದಕ್ಕೆ ಮೂರು ವರ್ಷದ್ದು 75 ಸಾವಿರ. ಮೂರನೆಯದಕ್ಕೆ ಎರಡು ವರ್ಷದ್ದು 50 ಸಾವಿರ. ಕಂತು ಶುರುವಾಗುವ ದಿನ ಸಾಲ 9 ಲಕ್ಷದ 75 ಸಾವಿರ ಆಗಿರುತ್ತದೆ. ಹತ್ತು ವರ್ಷದಲ್ಲಿ ತೀರಿಸುವುದಾದರೆ ತಿಂಗಳಿಗೆ 12,885 ರೂಪಾಯಿ. ಒಟ್ಟು ಕಟ್ಟುವುದು ಹದಿನೈದೂವರೆ ಲಕ್ಷಕ್ಕೆ ಸ್ವಲ್ಪ ಕಡಿಮೆ. ಹದಿನೈದು ವರ್ಷ ಮಾಡಿದರೆ ಕಂತು 10,477ಕ್ಕೆ ಇಳಿಯುತ್ತದೆ, ಒಟ್ಟು ಮಾತ್ರ ಹತ್ತೊಂಬತ್ತು ಲಕ್ಷದ ಹತ್ತಿರ ಹೋಗುತ್ತದೆ. ನಿನಗೆ ಆಗ ಮೂವತ್ತೇಳು ವರ್ಷ.

ಈಗ ಸಂಬಳದ ಮಾತು. ನನ್ನ ಪಿಗ್ಮಿ ಲೈನಿನಲ್ಲಿ ನಿನ್ನ ದಾರಿಯವರು ಮೂವರಿದ್ದಾರೆ. ಈ ವಾರ ಮೂವರ ಹತ್ತಿರವೂ ಕೂತು ಮಾತಾಡಿದೆ. ಒಬ್ಬರು ಪತ್ರಿಕೆಯ ಡೆಸ್ಕಿನಲ್ಲಿ ಉಪಸಂಪಾದಕರು. ಈಗ ಹೊಸಬರಿಗೆ ಇಲ್ಲಿ ಹದಿನೆಂಟು ಸಾವಿರದ ಆಸುಪಾಸು ಸಿಗುತ್ತದೆ ಅಂದರು. ಇನ್ನೊಬ್ಬಳು ಆಸ್ಪತ್ರೆಯೊಂದರ ಪ್ರಚಾರ ವಿಭಾಗದಲ್ಲಿದ್ದಾಳೆ. ಅವಳಿಗೆ ಅದಕ್ಕಿಂತ ಜಾಸ್ತಿ ಇದೆ, ಭಾನುವಾರ ರಜೆಯೂ ಇದೆ. ಮೂರನೆಯವನು ಮದುವೆ ವಿಡಿಯೋ ಮಾಡುವವನು. ಮದುವೆ ಸೀಸನ್ನಿನಲ್ಲಿ ದಿನಕ್ಕೆ ಐನೂರು ಪಿಗ್ಮಿ ಕಟ್ಟುತ್ತಾನೆ. ಮಳೆಗಾಲದ ಆಟಿ ತಿಂಗಳಲ್ಲಿ ಮದುವೆ ಇಲ್ಲ, ಪಿಗ್ಮಿಯೂ ಇಲ್ಲ. ಮಲ್ಪೆಯಲ್ಲೂ ಹಾಗೇ ಅಲ್ವಾ? ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧಕ್ಕೆ ಬೋಟು ನಿಂತರೆ ನನ್ನ ಅರ್ಧ ಲೈನು ಖಾಲಿ. ಪಿಗ್ಮಿಯಾದರೆ ‘ಬೋಟು ಹೊರಡಲಿ, ಆಮೇಲೆ ಕೊಡಿ’ ಅಂತ ನಾನು ಹೇಳಬಹುದು. ಬ್ಯಾಂಕಿನ ಕಂತಿಗೆ ಆಟಿ ತಿಂಗಳು ಇಲ್ಲ.

ನಿನ್ನ ಅಮ್ಮನ ಕಡೆಯ ಆ ಹುಡುಗಿ ನೆನಪಿದ್ದಾಳಲ್ಲ? ಹೆಸರು ಬರೆಯುವುದಿಲ್ಲ, ನಿನಗೆ ಗೊತ್ತು. ಬೆಂಗಳೂರಿನಲ್ಲಿ ಚಾನೆಲ್ಲೊಂದರಲ್ಲಿ ವರದಿಗಾರ್ತಿ ಆಗಿ ಸೇರಿದಳು. ಸಂಬಳ 22 ಸಾವಿರ. ಪಿಜಿಗೆ 9 ಸಾವಿರ, ಸಾಲದ ಕಂತು 11 ಸಾವಿರ. ಕೈಯಲ್ಲಿ ಉಳಿಯುತ್ತಿದ್ದದ್ದು 2 ಸಾವಿರ. ಊರಿಗೆ ಬರುವ ಬಸ್ಸಿಗೆ ಅವಳ ಅಮ್ಮನೇ ದುಡ್ಡು ಕಳಿಸುತ್ತಿದ್ದರು. ಎರಡು ಕಂತು ತಪ್ಪಿತು. ಅಪ್ಪ ಸಹಸಾಲಗಾರ ಆಗಿದ್ದರಲ್ಲ, ಬ್ಯಾಂಕಿನವರು ಸಾಲ ಕೊಡುವ ಮೊದಲು ನೋಡುವ ಅವರ ಸಿಬಿಲ್ ಸ್ಕೋರೂ ಬಿತ್ತು. ಮಳೆಗಾಲಕ್ಕೆ ಮುಂಚೆ ಮನೆಯ ಮಾಡು ರಿಪೇರಿ ಮಾಡಲು ಸಾಲ ಕೇಳಿದರೆ ಸಿಗಲಿಲ್ಲ. ಎಂಟೇ ತಿಂಗಳಲ್ಲಿ ಆ ಹುಡುಗಿ ವರದಿ ಮಾಡುವುದು ಬಿಟ್ಟು ಒಂದು ಕಂಪನಿಗೆ ಕಂಟೆಂಟ್ ಬರೆಯಲು ಸೇರಿದಳು. ಅದು ಒಳ್ಳೆಯ ಕೆಲಸವೇ. ಆದರೆ ಅವಳಿಗೆ ಅದು ಬೇಕಿರಲಿಲ್ಲ. ಕಂತು ಅವಳನ್ನು ಅಲ್ಲಿಗೆ ದೂಡಿತು. ನನಗೆ ಹೆದರಿಕೆ ಇರುವುದು ಇದೊಂದಕ್ಕೇ. ಮಲ್ಪೆಯ ಆ ಹೆಂಗಸಿನ ಪಕ್ಕ ಕೂರುವ ಕೆಲಸ ನಿನಗೆ ಸಿಕ್ಕಿ, ಸಂಬಳ ಸಾಲದು ಅಂತ ನೀನು ಅದನ್ನು ಬಿಡಬೇಕಾದರೆ ನನ್ನ ಸಹಿಯೇ ನಿನಗೆ ಅಡ್ಡ ಬಂದ ಹಾಗಾಗುತ್ತದೆ.

ನೀನು ಹೇಳಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯನ್ನೂ ವಿಚಾರಿಸಿದೆ. ಮನೆಯ ಆದಾಯ ವರ್ಷಕ್ಕೆ 8 ಲಕ್ಷದ ಒಳಗಿದ್ದರೆ, ಕಾಲೇಜು ಅವರ ಪಟ್ಟಿಯಲ್ಲಿದ್ದರೆ, 10 ಲಕ್ಷದವರೆಗಿನ ಸಾಲಕ್ಕೆ ಓದುವ ವರ್ಷಗಳಲ್ಲಿ ಮತ್ತು ಆಮೇಲಿನ ಒಂದು ವರ್ಷ ಬಡ್ಡಿ ದರದಲ್ಲಿ ನೂರಕ್ಕೆ 3ರಷ್ಟನ್ನು ಸರಕಾರ ಕೊಡುತ್ತದೆ. ಆದರೆ ವರ್ಷಕ್ಕೆ ಹೊಸದಾಗಿ 1 ಲಕ್ಷ ಮಕ್ಕಳಿಗೆ ಮಾತ್ರ, ಅದರಲ್ಲೂ ಸರಕಾರಿ ಕಾಲೇಜಿನವರಿಗೆ, ತಾಂತ್ರಿಕ ಮತ್ತು ವೃತ್ತಿಪರ ಕೋರ್ಸಿನವರಿಗೆ ಆದ್ಯತೆ. ಅರ್ಜಿ ಹಾಕೋಣ. ಸಿಗುತ್ತದೆ ಅಂತ ಲೆಕ್ಕಕ್ಕೆ ಹಿಡಿಯುವುದು ಬೇಡ.

ನನ್ನ ಯೋಚನೆ ಹೀಗಿದೆ. ಮೊದಲ ಸಂಬಳದ ಐದರಲ್ಲಿ ಒಂದು ಪಾಲು ಕಂತಿಗೆ ಹೋದರೆ ತಡೆದುಕೊಳ್ಳಬಹುದು. 18 ಸಾವಿರಕ್ಕೆ ಅದು 3,600. ಅಷ್ಟು ಕಂತಿಗೆ ಎರಡೂಮುಕ್ಕಾಲು ಲಕ್ಷದ ಹತ್ತಿರ ಸಾಲ ಮಾಡಬಹುದು, ಅದಕ್ಕಿಂತ ಮೇಲೆ ಬೇಡ. ಬಿಎ ಇಲ್ಲೇ, ಬಸ್ಸಿನಲ್ಲಿ ಹೋಗಿ ಬರುವ ಕಾಲೇಜಿನಲ್ಲಿ ಪತ್ರಿಕೋದ್ಯಮ ತೆಗೆದುಕೊಂಡು ಮಾಡು. ಅದಕ್ಕೆ ಸಾಲವೇ ಬೇಡ, ನಾನು ಸುಧಾರಿಸುತ್ತೇನೆ. ಆಮೇಲೆ ಕೊಣಾಜೆಯ ಮಂಗಳಗಂಗೋತ್ರಿಯಲ್ಲಿ, ಅಂದರೆ ಮಂಗಳೂರು ವಿಶ್ವವಿದ್ಯಾಲಯದಲ್ಲಿ, ಪತ್ರಿಕೋದ್ಯಮದ ಸ್ನಾತಕೋತ್ತರ ಓದು ಎಂಸಿಜೆ ಇದೆ. ಆಗಲೂ ಬೆಂಗಳೂರೇ ಬೇಕು ಅನಿಸಿದರೆ ಆ ಎರಡೂಮುಕ್ಕಾಲು ಲಕ್ಷದ ಸಾಲ ಆಗ ಮಾಡೋಣ. ಓದುವಾಗಿನ ಬಡ್ಡಿಯನ್ನು ತಿಂಗಳು ತಿಂಗಳು ನಾನೇ ಕಟ್ಟುತ್ತೇನೆ, ಅಸಲಿಗೆ ಸೇರುವುದು ಬೇಡ.

ದೊಡ್ಡ ಕಾಲೇಜಿನಲ್ಲಿ ಸ್ಟುಡಿಯೋ ಇರುತ್ತದೆ, ದೊಡ್ಡವರ ಪರಿಚಯ ಆಗುತ್ತದೆ. ಅದು ಸುಳ್ಳಲ್ಲ, ನೀನು ಅದನ್ನು ಕಳೆದುಕೊಳ್ಳುತ್ತೀ ಅಂತ ನನಗೂ ಸಂಕಟ ಇದೆ. ಆದರೆ ಈ ಊರೂ ಬರಡಲ್ಲ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಹೊರಟದ್ದು ನೀನು ಈಗ ಇರುವ ಮಂಗಳೂರಿನಿಂದಲೇ. ಉದಯವಾಣಿ 1970ರಲ್ಲಿ ಮಣಿಪಾಲದಲ್ಲಿ ಶುರುವಾದದ್ದು. ಮಂಗಳೂರಿನಲ್ಲಿ ರೇಡಿಯೊ ಸಾರಂಗ್, ಇಲ್ಲಿ ರೇಡಿಯೊ ಮಣಿಪಾಲ್ ಅಂತ ಸಮುದಾಯ ರೇಡಿಯೊಗಳಿವೆ. ಮಲ್ಪೆಯ ರೆಕಾರ್ಡಿಂಗ್ ಹಿಡಿದುಕೊಂಡು ಅಲ್ಲಿಗೊಮ್ಮೆ ಹೋಗಿ ಮಾತಾಡು.

ಇನ್ನೂ ಆ ಕಾಲೇಜೇ ಬೇಕು ಅನಿಸಿದರೆ ಒಂದು ಕೆಲಸ ಮಾಡು. ಅವರಿಗೆ ಫೋನ್ ಮಾಡಿ, ಕಳೆದ ಮೂರು ಬ್ಯಾಚಿನಲ್ಲಿ ಎಷ್ಟು ಜನಕ್ಕೆ ಕೆಲಸ ಆಯಿತು, ಯಾವ ಕೆಲಸ, ಸಂಬಳವನ್ನು ಕಡಿಮೆಯಿಂದ ಜಾಸ್ತಿಗೆ ಸಾಲಾಗಿ ಇಟ್ಟರೆ ನಡುವೆ ಬರುವವರದ್ದು ಎಷ್ಟು ಅಂತ ಕೇಳು. ಎಲ್ಲರಿಗಿಂತ ಜಾಸ್ತಿ ಸಿಕ್ಕಿದವರದ್ದು ಬೇಡ, ಅದು ಅವರ ಪುಸ್ತಕದಲ್ಲೇ ದಪ್ಪ ಅಕ್ಷರದಲ್ಲಿದೆ. ನಡುವಿನವರ ಸಂಬಳ 40 ಸಾವಿರ ಇದ್ದರೆ, ಬರವಣಿಗೆಯಲ್ಲಿ ಕೊಟ್ಟರೆ, ಕಂತು ಐದರಲ್ಲಿ ಒಂದು ಪಾಲು ದಾಟಿದರೂ ನಾನು ಮರುದಿನವೇ ಸಹಿ ಹಾಕುತ್ತೇನೆ.

ನಿನಗೆ ಒಂದು ವಿಷಯ ಗೊತ್ತಿಲ್ಲ. ನೀನು ಎರಡನೇ ಕ್ಲಾಸಿಗೆ ಹೋದ ವರ್ಷದಿಂದ ನಿನ್ನ ಹೆಸರಲ್ಲಿ ದಿನಕ್ಕೆ 30 ರೂಪಾಯಿ ಪಿಗ್ಮಿ ಕಟ್ಟಿದ್ದೇನೆ. ಬೇರೆಯವರದ್ದೆಲ್ಲ ಎತ್ತಿ ಮುಗಿದ ಮೇಲೆ ಕೊನೆಯ ರಸೀದಿ ನಿನ್ನದು. ಬಡ್ಡಿ ಸೇರಿ 1,34,000 ಆಗಿದೆ. ಲ್ಯಾಪ್‌ಟಾಪ್, ಒಂದು ಒಳ್ಳೆಯ ಕ್ಯಾಮೆರಾ, ಮೈಕು ಅದರಲ್ಲಿ ಆಗುತ್ತದೆ. ಯಾವುದು ಒಳ್ಳೆಯದು ಅಂತ ಆ ವಿಡಿಯೋ ಹುಡುಗನ ಹತ್ತಿರ ಕೇಳಿ ಬರೆದಿಟ್ಟಿದ್ದೇನೆ.

ಪಾಸ್ ಪುಸ್ತಕ ಅಮ್ಮನ ಕಪಾಟಿನಲ್ಲಿ, ಸೀರೆಗಳ ಅಡಿಯಲ್ಲಿದೆ. ಭಾನುವಾರ ಬೆಳಿಗ್ಗೆಯ ಬಸ್ಸಿಗೇ ಬಾ. ಅಮ್ಮ ಬಂಗುಡೆ ತರಲು ಹೇಳಿದ್ದಾಳೆ. ಬೋಟು ನಿಲ್ಲುವ ಮೊದಲು ಒಳ್ಳೆಯದು ಸಿಗುತ್ತದೆ.

ನಿನ್ನ ಅಪ್ಪ